ಎರಡು ಅಗುಳು

ಗಣಿತದ ಮೇಷ್ಟ್ರ ಗ್ರಹಚಾರವೆಲ್ಲ ‘ಎರಡು’ ಎಂಬ ಅಂಕೆಯಿಂದ ಶುರುವಾಯಿತು. ತಾತ್ಕಾಲಿಕ ಹುದ್ದೆಯಲ್ಲಿ ಹನ್ನೊಂದು ವರ್ಷ ಸೀಮೆಸುಣ್ಣದ ಪುಡಿ ನುಂಗಿದ ಮೇಲೆ ಅವರೊಂದು ಪ್ರಮೇಯವನ್ನು ಹನ್ನೆರಡು ಪುಟಗಳಲ್ಲಿ ಸಾಧಿಸಿದ್ದರು. ಎಣಿಸಿ ಮುಗಿಯುವ ಸಾಂತ ಗುಂಪೊಂದು ಬಿಡಿಸಬಹುದಾದದ್ದೋ ಕಗ್ಗಂಟೋ ಎಂದು ತಿಳಿಯಲು ಇಡೀ ಗುಂಪನ್ನು ಜಾಲಾಡಬೇಕಿಲ್ಲ. ಸಂಯುಗ್ಮಿಗಳನ್ನು, ಅಂದರೆ ವೇಷ ಬೇರೆಯಾದರೂ ಗುಣ ಒಂದೇ ಆದ ಅಂಶಗಳನ್ನು, ಎರಡೆರಡಾಗಿ ಪರೀಕ್ಷಿಸಿದರೆ ಸಾಕು. ಹಂಡೆ ಅನ್ನಕ್ಕೆ ಎರಡು ಅಗುಳು ಹಿಸುಕಿದ ಹಾಗೆ.

ಅಂದು ಸಂಜೆ ನಾಲ್ಕಕ್ಕೆ ಸಮಿತಿ. ಒಪ್ಪಿದರೆ ಕೆಲಸ ಖಾಯಂ. “ಈ ಸಲವೂ ತಾತ್ಕಾಲಿಕ ಅಂದ್ರೆ, ನನ್ನನ್ನೂ ತಾತ್ಕಾಲಿಕ ಅಂದ್ಕೊಳ್ಳಿ” ಎಂದ ಹೆಂಡತಿ, ಬೇರೆ ಕಾಗದ ಸಿಗದೆ ಪ್ರಮೇಯದ ಮೊದಲ ಪುಟದ ಮೂಲೆಯಲ್ಲೇ ‘ಸಾಬೂನು ಎರಡು’ ಎಂದು ಗೀಚಿ ಕಳಿಸಿದ್ದಳು.

ಅರ್ಜಿಗೆ ವಿಭಾಗದ ಮೂವರ ಸಹಿ ಬೇಕಿತ್ತು.

ಸಂಖ್ಯಾಶಾಸ್ತ್ರದ ಮೇಡಂ ಮೂಗು ಮುರಿದರು. “ಬರೀ ಎರಡಾ? ಇಷ್ಟು ಜಿಪುಣತನ ಯಾಕ್ರೀ ಮೇಷ್ಟ್ರೇ? ನಾಲ್ಕು ಮಾಡಿ, ಸಹಿ ಹಾಕ್ತೀನಿ.”

ಎರಡು ಸಾಕಾದಲ್ಲಿ ನಾಲ್ಕೇನೂ ಸುಳ್ಳಲ್ಲವಲ್ಲ! ನಾಲ್ಕಾಯಿತು.

“ನಾಲ್ಕೇ ಯಾಕೆ ಅಂತ ಕೇಳಿದ್ರೆ ಬಾಯಿ ಬಾಯಿ ಬಿಡ್ತೀರಿ. ನೂರು ಅಂದ್ರೆ ಯಾರೂ ಕೇಳಲ್ಲ” ಎಂದರು ಜ್ಯಾಮಿತಿಯವರು. ಅವರು ಓದಿದ್ದು ಶೀರ್ಷಿಕೆಯಷ್ಟೇ. ನೂರಾಯಿತು.

ಕೊನೆಗೆ ಮುಖ್ಯಸ್ಥರು. ಗಣಿತ ಅವರಿಗೆ ಪೂರ್ವಜನ್ಮದ ಸ್ಮರಣೆ. “ಅಯ್ಯೋ ಮಹಾರಾಯ, ಒಂದನ್ನೂ ಬಿಡಬಾರದು. ಗುಂಪಿನಲ್ಲಿರೋ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಿ ಅಂತ ಬರಿ. ಆ ಹಳೇ ಹನ್ನೆರಡು ಪುಟ ಇಲ್ಲೇ ಇಟ್ಟು ಹೋಗು, ಕಸ ನಾನು ನೋಡ್ಕೋತೀನಿ.”

ಕಂಡವರ ಮಾತಿಗೆಲ್ಲ ತಲೆಯಾಡಿಸಿದವನ ಕುತ್ತಿಗೆ ಉಳಿಯುತ್ತದೆಯೇ? ನಾಲ್ಕು ಹೊಡೆಯುವಷ್ಟರಲ್ಲಿ ಮೇಷ್ಟ್ರ ಕೈಯಲ್ಲಿ ಉಳಿದದ್ದು ಒಂದೇ ಸಾಲು: ‘ಗುಂಪಿನ ಎಲ್ಲ ಅಂಶಗಳೂ ಸೇರಿ ಕಟ್ಟುವ ಗುಂಪು ಬಿಡಿಸಬಹುದಾದದ್ದಾದರೆ, ಆ ಗುಂಪು ಬಿಡಿಸಬಹುದಾದದ್ದು.’ ಕೆಳಗೆ ಮೂರು ಸಹಿ.

“ಭೇಷ್!” ಎಂದರು ಸಮಿತಿಯ ಅಧ್ಯಕ್ಷರು. “ನನಗೆ ಅರ್ಥವಾದ ಮೊದಲ ಪ್ರಮೇಯ ಇದು.”

ಮೇಷ್ಟ್ರ ಎದೆ ಉಬ್ಬಿತು.

“ಆದ್ರೆ ಬೆಂದ ಅನ್ನ ಬೆಂದಿದೆ ಅನ್ನೋಕೆ ಹನ್ನೊಂದು ವರ್ಷ ಬೇಕಿತ್ತೇನ್ರೀ? ನಿಮ್ಮ ಮುಖ್ಯಸ್ಥರನ್ನ ನೋಡಿ ಕಲೀರಿ. ಎರಡೇ ಸಾಕು ಅಂತ ಸಾಧಿಸಿ, ಈಗ ತಾನೇ ಹನ್ನೆರಡು ಪುಟ ಕೊಟ್ಟು ಹೋದ್ರು.”

ಮೇಷ್ಟ್ರು ಮೇಜಿನ ಮೇಲಿದ್ದ ಪುಟಗಳತ್ತ ಬೆರಳು ತೋರಿಸಿದರು. “ಸಾರ್, ಅದು ನನ್ನದು! ಮೂಲೇಲಿ ನೋಡಿ, ‘ಸಾಬೂನು ಎರಡು’ ಅಂತಿದೆ!”

ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. ಕಣ್ಣು ತುಂಬಿ ಬಂತು.

“ಅದನ್ನೇ ಹೇಳಿದ್ದು ಕಣ್ರೀ. ಅಂಥ ದೊಡ್ಡ ಮನುಷ್ಯ, ಮನೇಲೂ ಎರಡರಲ್ಲೇ ಮುಗಿಸ್ತಾರೆ!”