ಉಭಯತೀರದ ಆನ್‌ಲೈನ್ ಈಜು

ಬಹಳ ಹಿಂದೆ ಒಂದು ರಾಜ್ಯವಿತ್ತು. ಎಷ್ಟು ಹಿಂದೆ ಎಂದು ಕೇಳಬೇಡಿ. ಇಂಥ ರಾಜ್ಯಗಳು ಯಾವಾಗಲೂ ಬಹಳ ಹಿಂದೆಯೇ ಇರಬೇಕು. ಬರೆಯುವವನಿಗೂ ಅಚ್ಚು ಹಾಕುವವನಿಗೂ ಅದರಲ್ಲೇ ಕ್ಷೇಮ. ಅದರ ಹೆಸರು ಉಭಯತೀರ. ನಡುವೆ ಒಂದು ದೊಡ್ಡ ಹೊಳೆ. ಈಚೆ ದಡದಲ್ಲಿ ಅರಮನೆ, ಆಸ್ಪತ್ರೆ, ಪೇಟೆ, ನ್ಯಾಯಸ್ಥಾನ. ಆಚೆ ದಡದಲ್ಲಿ ಜನ.

ಸೇತುವೆ ಬೇಕೆಂದು ಆಚೆ ದಡದವರು ಮುತ್ತಾತಂದಿರ ಕಾಲದಿಂದ ಕೇಳುತ್ತಿದ್ದರು. ರಾಜರುಗಳು ಆಗದೆಂದವರಲ್ಲ. ಪಟ್ಟಕ್ಕೆ ಬಂದವರೆಲ್ಲ ತಮ್ಮ ಪಾಲಿನ ಶಂಕುಸ್ಥಾಪನೆ ಮಾಡಿಯೇ ಸ್ವರ್ಗಸ್ಥರಾಗಿದ್ದರು. ಆ ಕಲ್ಲುಗಳು ನುಣುಪಾಗಿದ್ದುದರಿಂದ ಬಟ್ಟೆ ಒಗೆಯುವವರಿಗೆ ಬಹಳ ಅನುಕೂಲವಾಗಿತ್ತು. ಸೇತುವೆಯ ಹೆಸರಿನ ತೆರಿಗೆಯೂ ತಪ್ಪದೆ ಸಂದಾಯವಾಗುತ್ತಿತ್ತು. ಜನ ಮಾತ್ರ ಅಂಬಿಗ ಮುದ್ದಯ್ಯನ ದೋಣಿಯಲ್ಲಿ ದಾಟುತ್ತಿದ್ದರು.

ಈ ರಾಜ್ಯದ ಆಸ್ಥಾನದಲ್ಲಿ ಸಂಕರ್ಷಣ ಭಟ್ಟರೆಂಬ ಗಮಕಿಗಳಿದ್ದರು. ಕಂಠವೆಂದರೆ ಜೇನು. ಅವರು ಕಾವ್ಯ ಓದತೊಡಗಿದರೆ ಮಹಾರಾಜ ಸುಪ್ರಸನ್ನದೇವರು ಎರಡನೆಯ ಪದ್ಯಕ್ಕೇ ಕಣ್ಣು ಮುಚ್ಚಿ ರಸಾಸ್ವಾದನೆಗೆ ತೊಡಗುತ್ತಿದ್ದರು. ಆಮೇಲೆ ಗೊರಕೆ ಕೇಳಿಸುತ್ತಿತ್ತು. ಭಟ್ಟರು ಸಾಧು ಮನುಷ್ಯ, ನೀರೆಂದರೆ ಮಾತ್ರ ಪ್ರಾಣಭಯ. ಸ್ನಾನಕ್ಕೂ ಚೊಂಬಿಗಿಂತ ದೊಡ್ಡ ಪಾತ್ರೆಯನ್ನು ನಂಬಿದವರಲ್ಲ. ಒಬ್ಬಳೇ ಮಗಳು ವಿಶಾಲಿಯನ್ನು ಆಚೆ ದಡಕ್ಕೆ ಕೊಟ್ಟಾಗ, ದೋಣಿಯಲ್ಲಿ ಕಣ್ಣು ಮುಚ್ಚಿ ಕುಳಿತವರು ಧಾರೆ ಎರೆಯುವಾಗಲೂ ತೆರೆಯಲಿಲ್ಲವೆಂದು ಹೆಂಡತಿ ರುಕ್ಕಮ್ಮ ಆಡಿಕೊಳ್ಳುತ್ತಿದ್ದರು. ಈಗ ಆ ಮಗಳು ಚೊಚ್ಚಲ ಬಸುರಿ. ಸೀಮಂತ ಮುಗಿದಿತ್ತು. ಬಾಣಂತನಕ್ಕೆ ತವರಿಗೆ ಕರೆತರಬೇಕು. ಆಸ್ಪತ್ರೆ ಇರುವುದೂ ಈಚೆ ದಡದಲ್ಲೇ. ಒಳ್ಳೆಯ ದಿನ ನೋಡಿ ಹೊರಡುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಕೌಶಲಾಮಾತ್ಯ ಯುಕ್ತಿವರ್ಧನರು ಪರದೇಶದ ಪ್ರವಾಸ ಮುಗಿಸಿ ಬಂದರು. ಹೋಗಿದ್ದು ಸೇತುವೆಗಳನ್ನು ನೋಡಿ ಬರಲು. ಬಂದಿದ್ದು ಒಂದು ಪವರ್‌ಪಾಯಿಂಟ್ ಹೊತ್ತುಕೊಂಡು.

“ಮಹಾಪ್ರಭು, ಸೇತುವೆ ಹಳೆಯ ಕಾಲದ ಚಿಂತನೆ,” ಎಂದರು ಅಮಾತ್ಯರು. “ಸೇತುವೆ ಕಟ್ಟಿದರೆ ಪ್ರಜೆ ಒಂದೇ ಹೊಳೆ ದಾಟಬಲ್ಲ. ಈಜು ಕಲಿಸಿದರೆ ಲೋಕದ ಎಲ್ಲ ಹೊಳೆಗಳನ್ನೂ ದಾಟುತ್ತಾನೆ.”

“ನಮ್ಮಲ್ಲಿ ಹೊಳೆಗಳು ಎಷ್ಟಿವೆ?”

“ಒಂದೇ, ಪ್ರಭು.”

“ಆದರೂ ಮಾತು ಚೆನ್ನಾಗಿದೆ,” ಎಂದರು ಮಹಾರಾಜರು. “ಇಷ್ಟು ಜನಕ್ಕೆ ಈಜು ಕಲಿಸಲು ನೀರು ಸಾಲುವುದೆ?”

“ನೀರೇ ಬೇಡ, ಪ್ರಭು. ಎಲ್ಲವೂ ಆನ್‌ಲೈನ್. ಒಬ್ಬ ಗುರು, ಒಂದು ಕ್ಯಾಮೆರಾ, ಲಕ್ಷ ಲಕ್ಷ ಶಿಷ್ಯರು. ಹಾಲು ಕರೆಯುತ್ತ ಕಲಿಯಬಹುದು, ಮುದುಕರಾದ ಮೇಲೂ ಕಲಿಯಬಹುದು. ಇದಕ್ಕೆ ಆಜೀವ ಕಲಿಕೆ ಎಂದು ಹೆಸರು. ಜೀವ ಇರುವವರೆಗೂ ಕಲಿಯುತ್ತಲೇ ಇರುತ್ತಾರೆ, ಸೇತುವೆ ಕೇಳಲು ಪುರುಸೊತ್ತೇ ಸಿಗುವುದಿಲ್ಲ.”

ಮಹಾರಾಜರು ಸಂತೋಷದಿಂದ ಮುದ್ರೆ ಒತ್ತಿದರು. ಸೇತುವೆಯ ತೆರಿಗೆಗೆ ಕಲಿಕಾ ತೆರಿಗೆಯೆಂದು ನಾಮಕರಣವಾಯಿತು.

ಗುರುವಿನ ಹುಡುಕಾಟ ನಡೆಯಿತು. ರಾಜ್ಯದಲ್ಲಿ ಚೆನ್ನಾಗಿ ಈಜು ಬಲ್ಲವನೆಂದರೆ ಮುದ್ದಯ್ಯ. ಆದರೆ ಅವನ ದನಿ ಗೊಗ್ಗರು, ಮಾತಿನ ನಡುವೆ ಎಲೆಯಡಿಕೆ ಉಗಿಯುವ ಅಭ್ಯಾಸ, ಕ್ಯಾಮೆರಾಕ್ಕೆ ಒಗ್ಗುವ ಮುಖವೂ ಅಲ್ಲ. ಅಮಾತ್ಯರ ಕಣ್ಣು ಭಟ್ಟರ ಮೇಲೆ ಬಿತ್ತು.

“ಸ್ವಾಮಿ, ನನಗೆ ಈಜು ಬರೋದಿಲ್ಲ,” ಎಂದರು ಭಟ್ಟರು.

“ಬರಬೇಕಾದದ್ದು ಪ್ರಜೆಗಳಿಗೆ, ನಿಮಗಲ್ಲ. ನಿಮ್ಮ ಮುಂದೆ ಸ್ಕ್ರಿಪ್ಟ್ ಇರುತ್ತೆ, ಓದಿದರಾಯಿತು. ಅಷ್ಟಕ್ಕೂ ನೀವು ಕುರುಕ್ಷೇತ್ರದ ಯುದ್ಧ ಓದೋವಾಗ ಬಾಣ ಬಿಡೋಕೆ ಕಲಿತಿದ್ದಿರಾ?”

ಸಂಭಾವನೆ ಎಷ್ಟೆಂದು ಕೇಳಿದ ಮೇಲೆ ಭಟ್ಟರು ಈ ಮಾತಿಗೆ ಉತ್ತರ ಹುಡುಕುವ ಗೋಜಿಗೆ ಹೋಗಲಿಲ್ಲ.

ಅರಮನೆಯ ಒಂದು ಕೋಣೆಯಲ್ಲಿ ನೀಲಿ ಬಟ್ಟೆ ಹಾಸಿ, ನಡುವೆ ಒಂದು ಬೆಂಚು ಇಟ್ಟರು. ಭಟ್ಟರು ಜರಿ ಪಂಚೆಯುಟ್ಟು ಅದರ ಮೇಲೆ ಬೋರಲು ಮಲಗಿ ಕೈಕಾಲು ಆಡಿಸಿದರು. ಆಳೊಬ್ಬ ಮುಖಕ್ಕೆ ನೀರು ಚಿಮುಕಿಸಿದಾಗ ಅಷ್ಟಕ್ಕೇ ಬೆಚ್ಚಿ ಕೆಳಗೆ ಬಿದ್ದುದನ್ನು ‘ಧುಮುಕುವ ವಿಧಾನ’ ಎಂಬ ಪಾಠಕ್ಕೆ ಬಳಸಿಕೊಂಡರು. ಈಜಿನ ಪರಂಪರೆ, ಈಜು ಮತ್ತು ರಾಜಭಕ್ತಿ, ಈಜಿನಲ್ಲಿ ಸಕಾರಾತ್ಮಕ ಮನೋಭಾವ, ಹೀಗೆ ಪಾಠಗಳು ತಯಾರಾದವು. ಕೊನೆಗೆ ಕ್ವಿಜ್. ನೀರಿಗಿಳಿದವನಿಗೆ ಮೊದಲು ಬೇಕಾದದ್ದು ಯಾವುದು: ಕೈಯೋ, ಕಾಲೋ, ಆತ್ಮವಿಶ್ವಾಸವೋ? ಆತ್ಮವಿಶ್ವಾಸವನ್ನು ಒತ್ತಿದವರು ಪಾಸು. ಮುದ್ದಯ್ಯನೂ ಪರೀಕ್ಷೆ ಕಟ್ಟಿ, ಕೈ ಎಂದು ಒತ್ತಿ, ಫೇಲಾದ.

ಪ್ರಜೆಗಳೆಲ್ಲ ಕಡ್ಡಾಯವಾಗಿ ಸೇರಿಕೊಂಡರು. ಇಂಥ ಕೋರ್ಸುಗಳಿಗೆ ಸೇರುವವರು ಬಹಳ, ಮುಗಿಸುವವರು ವಿರಳ ಎಂದು ಪರದೇಶದಲ್ಲಿ ಅಮಾತ್ಯರಿಗೆ ಮೊದಲೇ ಎಚ್ಚರಿಸಿದ್ದರು. ಉಭಯತೀರದಲ್ಲಿ ಹಾಗಾಗಲಿಲ್ಲ. ಭಟ್ಟರ ಕಂಠ ಕೇಳುತ್ತಲೇ ಹಟ ಮಾಡುವ ಕೂಸುಗಳು ತೆಪ್ಪಗೆ ನಿದ್ದೆ ಹೋಗುತ್ತಿದ್ದವು, ಬೆನ್ನಿಗೇ ತಾಯಂದಿರು, ಅವರ ಬೆನ್ನಿಗೆ ಅತ್ತೆ ಮಾವಂದಿರು. ಮನೆಮಂದಿಯೆಲ್ಲ ಮಲಗಿರುವಾಗ ಪಾಠವನ್ನು ನಿಲ್ಲಿಸುವವರು ಯಾರು? ಅದು ಕೊನೆಯವರೆಗೂ ಓಡುತ್ತಿತ್ತು. ಕೊನೆಯವರೆಗೆ ಓಡಿದ ಪಾಠ ಮುಗಿದ ಪಾಠವೆಂದೇ ಲೆಕ್ಕ. ಕ್ವಿಜ್ಜಿಗೆ ಹೇಗೂ ಎಲ್ಲರಿಗೂ ಉತ್ತರ ಗೊತ್ತು. ಮನೆಮನೆಗೆ ಸರ್ಟಿಫಿಕೇಟು ಬಂತು, ಜನ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ನೇತುಹಾಕಿದರು.

ಇಡೀ ರಾಜ್ಯ ಈಜಿನಲ್ಲಿ ಸಾಕ್ಷರವಾದ ಮೇಲೆ ದೋಣಿಗೇನು ಕೆಲಸ? ಸರ್ಟಿಫಿಕೇಟು ಪಡೆದ ಪ್ರಜೆ ದೋಣಿ ಹತ್ತುವುದು ಅದನ್ನು ದಯಪಾಲಿಸಿದ ಸಿಂಹಾಸನಕ್ಕೆ ಅವಮಾನವೆಂದು ಡಂಗುರ ಸಾರಿಸಿ, ದೋಣಿಗಳನ್ನೆಲ್ಲ ಮುಟ್ಟುಗೋಲು ಹಾಕಿದರು. ಮುದ್ದಯ್ಯನನ್ನು ಹೊಳೆದಂಡೆಯ ಕಲಿಕಾ ಬೆಂಬಲ ಕೇಂದ್ರದಲ್ಲಿ ಫೋನಿನ ಮುಂದೆ ಕೂರಿಸಿದರು. ಈಜಿನ ಬಗ್ಗೆ ಸಂದೇಹವಿದ್ದರೆ ಒಂದನ್ನು ಒತ್ತಿ, ಮುಳುಗುತ್ತಿದ್ದರೆ ಎರಡನ್ನು ಒತ್ತಿ, ಎಂದು ಅವನು ದಿನವಿಡೀ ಹೇಳಬೇಕು. ವಶಪಡಿಸಿಕೊಂಡ ದೋಣಿಗಳನ್ನು ಕಾಯುವ ಕೆಲಸವೂ ಅವನಿಗೇ ಬಂತು.

ಡಂಗುರದ ಸದ್ದು ಕೇಳಿ ರುಕ್ಕಮ್ಮ ಅಡುಗೆಮನೆಯಿಂದ ಹೊರಗೆ ಬಂದರು.

“ಏನೂಂದ್ರೆ, ವಿಶಾಲಿ ಹೇಗೆ ಬರ್ತಾಳೆ ಈಗ?”

ಭಟ್ಟರು ಪಂಚಾಂಗ ತಿರುವಿಹಾಕತೊಡಗಿದರು.

“ಊರಿಗೆಲ್ಲ ಈಜು ಕಲಿಸಿದೋರು ನೀವೇ ಅಲ್ವೇ? ಹೋಗಿ ಬೆನ್ನ ಮೇಲೆ ಕೂರಿಸ್ಕೊಂಡು ಬನ್ನಿ.”

“ನಿನ್ನ ಹತ್ರನೂ ಸರ್ಟಿಫಿಕೇಟ್ ಇದೆಯಲ್ಲೇ,” ಎಂದರು ಭಟ್ಟರು, ಬೇರೇನೂ ತೋಚದೆ.

“ಇದೆ. ಅದನ್ನ ನೀರಿಗೆ ಹಾಕಿ ನೋಡೋಣ, ತೇಲತ್ತಾಂತ.”

ಭಟ್ಟರು ಹೊಳೆಗೆ ಹೋದರು. ದಂಡೆಯ ತುಂಬ ಜನ, ಒಬ್ಬೊಬ್ಬರ ಕೈಯಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಸರ್ಟಿಫಿಕೇಟು. ಯಾರೂ ನೀರಿಗೆ ಇಳಿದಿರಲಿಲ್ಲ. ಗುರುಗಳನ್ನು ಕಂಡು ಎಲ್ಲರೂ ಭಕ್ತಿಯಿಂದ ದಾರಿ ಬಿಟ್ಟು, “ತಾವು ಮೊದ್ಲು ಇಳೀರಿ, ನಾವು ಹಿಂದೆ ಬತ್ತೀವಿ,” ಎಂದರು. ಭಟ್ಟರು ಇವತ್ತು ಏಕಾದಶಿ ಎಂದು ಹೇಳಿ ಹಿಂದಿರುಗಿದರು. ಅಂದು ಏಕಾದಶಿಯಾಗಿರಲಿಲ್ಲ.

ಅಲ್ಲಿಂದ ನೇರ ಅಮಾತ್ಯರ ಬಳಿ. ಒಂದು ದಿನದ ಮಟ್ಟಿಗೆ ಒಂದು ದೋಣಿ ಬಿಡಿ, ಮಗಳಿಗೆ ತಿಂಗಳು ತುಂಬಿದೆ, ಎಂದು ಅಂಗಲಾಚಿದರು.

“ಈಜಿನ ಗುರುವಿನ ಮಗಳು ದೋಣಿಯಲ್ಲಿ ಬಂದರೆ ಬ್ರ್ಯಾಂಡಿನ ಗತಿಯೇನು?” ಎಂದರು ಅಮಾತ್ಯರು. “ಇರಲಿ, ನಾಡಿದ್ದು ಘಟಿಕೋತ್ಸವ. ಮಹಾಪ್ರಭುಗಳು ನಿಮಗೆ ಈಜುಸಾರ್ವಭೌಮ ಎಂದು ಕಿರೀಟ ತೊಡಿಸುತ್ತಾರೆ. ಖುಷಿಯಾಗಿರಿ.”

ಭಟ್ಟರಿಗೆ ಅಂದು ಊಟ ಸೇರಲಿಲ್ಲ. ಜನ್ಮದಲ್ಲಿ ಒಮ್ಮೆಯೂ ರಾಜರೆದುರು ಸ್ವಂತ ಮಾತು ಆಡಿದವರಲ್ಲ. ಆಡಿದ್ದೆಲ್ಲ ಹಿಂದಿನ ಕವಿಗಳು ಬರೆದದ್ದು. ಆದರೆ ಈ ಸಲ ಆಡಲೇಬೇಕೆಂದು ನಿಶ್ಚಯಿಸಿದರು. ನಿಜ ಹೇಳಿಬಿಟ್ಟರೆ ಕಿರೀಟ ಹೋಗುತ್ತದೆ, ಸಂಭಾವನೆ ಹೋಗುತ್ತದೆ, ದೋಣಿ ಬರುತ್ತದೆ. ಮಗಳ ಮುಂದೆ ಕಿರೀಟವೇನು ಮಹಾ, ಎಂದುಕೊಂಡರು. ಪುಣ್ಯಾತ್ಮರು, ನಿಜ ಹೇಳಿದರೆ ರಾಜ್ಯ ನಾಚುತ್ತದೆಂದು ನಂಬಿದ್ದರು.

ಘಟಿಕೋತ್ಸವದಲ್ಲಿ ತಲೆಗೆ ಕಿರೀಟ ಬಿದ್ದೊಡನೆ ಭಟ್ಟರು ಕೈಮುಗಿದು ನಿಂತರು.

“ಮಹಾಪ್ರಭು, ನನಗೆ ಈಜು ಬರುವುದಿಲ್ಲ. ಮೊಳಕಾಲುದ್ದದ ನೀರಿಗೂ ನಾನು ಇಳಿದವನಲ್ಲ. ನನ್ನ ಪಾಠ ಕೇಳಿದವರಿಗೂ ಈಜು ಬರುವುದಿಲ್ಲ, ಅವರು ಮಲಗಿದ್ದರು. ಇದೆಲ್ಲ ಸುಳ್ಳು. ದಯವಿಟ್ಟು ದೋಣಿಗಳನ್ನು ಬಿಡಿಸಿ.”

ಆಸ್ಥಾನಿಕರು ಮುಖ ಯಾವ ಆಕಾರಕ್ಕೆ ತರಬೇಕೆಂದು ತಿಳಿಯದೆ ಮಹಾರಾಜರ ಮುಖವನ್ನೇ ನೋಡಿದರು. ಮಹಾರಾಜರು ಅಮಾತ್ಯರನ್ನು ನೋಡಿದರು. ಅಮಾತ್ಯರು ಕಣ್ಣೊರೆಸಿಕೊಂಡು ಎದ್ದರು.

“ಏನು ವಿನಯ, ಪ್ರಭು. ಒಂದು ತೊಟ್ಟೂ ಗೊತ್ತಿಲ್ಲದೆ ಒಂದು ರಾಜ್ಯಕ್ಕೆ ಕಲಿಸಿದ ಗುರು ಚರಿತ್ರೆಯಲ್ಲೇ ಇಲ್ಲ.”

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಮಹಾರಾಜರು ಮಾತ್ರ ಗಂಭೀರರಾಗಿ ಯೋಚಿಸಿದರು. ಅವರು ಯೋಚಿಸಿದಾಗಲೆಲ್ಲ ರಾಜ್ಯಕ್ಕೆ ಏನಾದರೊಂದು ಆಗುತ್ತಿತ್ತು.

“ಗೊತ್ತಿಲ್ಲದವರೇ ಇಷ್ಟು ಚೆನ್ನಾಗಿ ಕಲಿಸುವುದಾದರೆ, ಗೊತ್ತಿರುವವರಿಗೆ ನಾವು ಸಂಬಳ ಕೊಡುತ್ತಿರುವುದೇಕೆ?”

ಮರುದಿನವೇ ವೈದ್ಯರಿಗೂ ಮೇಷ್ಟ್ರುಗಳಿಗೂ ಸೂಲಗಿತ್ತಿಯರಿಗೂ ನಿವೃತ್ತಿಯ ಆಜ್ಞೆ ಹೊರಟಿತು. ಅವರ ವಿದ್ಯೆಗಳೆಲ್ಲ ಕೋರ್ಸುಗಳಾದವು. ಸರ್ಟಿಫಿಕೇಟಿಲ್ಲದೆ ಇನ್ನೊಬ್ಬರ ಮೈಮುಟ್ಟಿ ಚಿಕಿತ್ಸೆ ಮಾಡುವುದು ದಂಡನಾರ್ಹವಾಯಿತು. ಆಸ್ಪತ್ರೆಯ ಮಂಚಗಳನ್ನು ಹೊರಗೆ ಸಾಗಿಸಿ ಅಲ್ಲಿಯೇ ದೊಡ್ಡ ಸ್ಟುಡಿಯೋ ಮಾಡಿದರು. ಅಮಾತ್ಯರು ಭಟ್ಟರ ಕೈಹಿಡಿದು ಪ್ರೀತಿಯಿಂದ ಹೇಳಿದರು:

“ನಿಮ್ಮ ಅಹವಾಲು ಸರ್ಕಾರದ ಗಮನಕ್ಕೆ ಬಂದಿದೆ. ಆಸ್ಪತ್ರೆಯೇ ಇಲ್ಲ ಅಂದ ಮೇಲೆ ನಿಮ್ಮ ಮಗಳು ಹೊಳೆ ದಾಟುವ ಪ್ರಮೇಯವೇ ಬರೋದಿಲ್ಲ. ‘ಹೆರಿಗೆ: ಮನೆಯಲ್ಲೇ ಕಲಿಯಿರಿ’ ಅಂತ ಕೋರ್ಸ್ ಮಾಡ್ತಿದ್ದೇವೆ. ಧ್ವನಿ ನಿಮ್ಮದೇ. ಅಪ್ಪನ ದನಿ ಕೇಳಿದರೆ ಮಗಳಿಗೂ ಧೈರ್ಯ.”

ಆ ಕೊನೆಯ ಮಾತಿಗೆ ಭಟ್ಟರು ಸೋತರು. ವಿಶಾಲಿ ಆಚೆ ದಡದಲ್ಲಿ ಒಬ್ಬಳೇ ನರಳುವಾಗ ತನ್ನ ದನಿಯಾದರೂ ಜೊತೆಗಿರಲಿ ಎಂದು ಒಪ್ಪಿಕೊಂಡರು. ಸ್ಕ್ರಿಪ್ಟಿನ ಮೊದಲ ಸಾಲು, ಹೆರಿಗೆಗೆ ಮೊದಲು ಬೇಕಾದದ್ದು ಸಕಾರಾತ್ಮಕ ಮನೋಭಾವ, ಎಂದಿತ್ತು. ಭಟ್ಟರು ಅದನ್ನು ಎಂದಿಗಿಂತ ಇಂಪಾಗಿ ಓದಿದರು.

ರುಕ್ಕಮ್ಮ ದನಿಯನ್ನು ನಂಬಿ ಕೂರುವ ಹೆಂಗಸಲ್ಲ. ಎರಡು ಬಳೆ ಕಳಚಿ ಸೆರಗಿಗೆ ಕಟ್ಟಿಕೊಂಡು ಬೆಂಬಲ ಕೇಂದ್ರಕ್ಕೆ ನಡೆದರು; ಭಟ್ಟರೂ ಹಿಂದೆಯೇ ಓಡಿದರು. ಊರಿಗೆಲ್ಲ ಗೊತ್ತಿದ್ದು ಅರಮನೆಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮಧ್ಯಾಹ್ನ ಊಟವಾದ ಮೇಲೆ ಮುದ್ದಯ್ಯ, ತನ್ನ ಮೇಲೆ ಕಣ್ಣಿಡಲು ಅರಮನೆ ನೇಮಿಸಿದ್ದ ಕಾವಲಿನವರ ಮುಂದೆ ಭಟ್ಟರ ಪಾಠ ಹಾಕುತ್ತಿದ್ದ. ಅವರು ಒರಗಿದ ಕೂಡಲೇ ದೋಣಿ ನೀರಿಗೆ ಬೀಳುತ್ತಿತ್ತು. ದರ ಮಾತ್ರ ಹಿಂದಿನದಲ್ಲ. ಹಿಂದೆ ಚಿಲ್ಲರೆಗೆ ದಾಟಿಸುತ್ತಿದ್ದವನು ಈಗ ಬಂಗಾರವನ್ನಷ್ಟೇ ಮುಟ್ಟುತ್ತಿದ್ದ.

“ಅಮ್ಮಾರು ಹತ್ತಿ,” ಎಂದ ಮುದ್ದಯ್ಯ. ಭಟ್ಟರು ಕಣ್ಣು ಮುಚ್ಚಿಕೊಂಡು ಕಾಲೆತ್ತಿದರು. ಅವನು ಹುಟ್ಟು ಅಡ್ಡ ಹಿಡಿದ.

“ನೀವು ಬ್ಯಾಡಿ ಬುದ್ಧಿ. ನಿಮ್ ಮಕ ಗ್ವಾಡೆ ಗ್ವಾಡೆ ಮ್ಯಾಗೂ ಐತೆ. ಈಜೋ ಗುರುಗೊಳು ದೋಣೀಲಿ ಕಂಡ್ರೆ ನನ್ ತಲೆ ಉಳಿಯಾಕಿಲ್ಲ.”

“ನನ್ನ ಮಗಳು ಕಣೋ ಮುದ್ದಯ್ಯ.”

“ಗೊತ್ತು ಬುದ್ಧಿ. ಎಲ್ರುಗೂ ಆಚೆ ದಡದಾಗೆ ಯಾರೋ ಒಬ್ರು ಅವ್ರೆ.”

ದೋಣಿ ಹೊರಟಿತು. ಬೆನ್ನ ಹಿಂದೆ ಕೇಂದ್ರದಲ್ಲಿ ಪಾಠ ನಡೆಯುತ್ತಿತ್ತು. ಇಡೀ ಉಭಯತೀರದಲ್ಲಿ ಬಂಗಾರ ಕೊಟ್ಟರೂ ಹೊಳೆ ದಾಟಲಾಗದವರು ಈಜಿನ ಗುರುಗಳೊಬ್ಬರೇ ಆದರು. ಭಟ್ಟರು ದಂಡೆಯ ಮೇಲೆ ಕುಳಿತು ಚಿಕ್ಕ ಮಗುವಿನ ಹಾಗೆ ಅತ್ತರು.

ವಾರ ಕಳೆದು ಮುದ್ದಯ್ಯನೇ ಸುದ್ದಿ ತಂದ.

“ಹೆಣ್ಣು ಮಗ, ಬುದ್ಧಿ. ತಾಯಿ ಮಗಿ ಇಬ್ರೂ ಚೆನ್ನಾಗವ್ರೆ. ಅಮ್ಮಾರು ಮುದ್ಕಿ ಸೂಲಗಿತ್ತೀನ ಕದ್ದು ಕರಕೊಂಬಂದ್ರು. ಫೋನು ಮುಟ್ಟಾಕೂ ಬುಡಲಿಲ್ಲ.”

ಭಟ್ಟರು ಉಟ್ಟ ಪಂಚೆಯಲ್ಲೇ ನೆಲಕ್ಕೆ ಅಡ್ಡಬಿದ್ದು ದೇವರಿಗೆ ಕೈಮುಗಿದರು. ಎದ್ದು ನೋಡಿದರೆ ಮುದ್ದಯ್ಯ ಇನ್ನೂ ನಿಂತೇ ಇದ್ದ.

“ನಮ್ ಕೇರೀಲಿ ಚೆನ್ನಿ ಅಂತ ಒಬ್ಳು ಹೋದ್ಲು, ಬುದ್ಧಿ. ಅವ್ಳಿಗೂ ಚೊಚ್ಚಲು. ದಂಡ ಬೀಳ್ತದೆ ಅಂತ ಯಾರೂ ಮುಟ್ಟಲಿಲ್ಲ. ನಿಮ್ ಪಾಠ ಹಾಕಿದ್ರು. ಕೇಳ್ತಾ ಕೇಳ್ತಾನೇ ಹೋಗ್ಬುಟ್ಲು.”

ಭಟ್ಟರು ಬಾಯಿ ತೆರೆದರು, ದನಿ ಹೊರಡಲಿಲ್ಲ. ಅವರ ದನಿ ಆಮೇಲೂ ಸರಿಹೋಗಲಿಲ್ಲ. ಅದರಿಂದ ರಾಜ್ಯಕ್ಕೇನೂ ತೊಂದರೆಯಾಗಲಿಲ್ಲ, ಎಲ್ಲವೂ ರೆಕಾರ್ಡಾಗಿತ್ತು. ಹೆರಿಗೆ ಕೋರ್ಸನ್ನು ಮುಗಿಸಿದವರ ಸಂಖ್ಯೆ ಈಜಿನದ್ದನ್ನೂ ಮೀರಿಸಿದ್ದರಿಂದ ಮಹಾರಾಜರು ಭಟ್ಟರನ್ನು ಮತ್ತೊಮ್ಮೆ ಕರೆಸಿ, ಮೊದಲಿನದರ ಮೇಲೆಯೇ ಇನ್ನೊಂದು ಕಿರೀಟ ತೊಡಿಸಿದರು. ಕಲಿಕಾ ತೆರಿಗೆ ಏರಿತು.

ಪಾಠ ಕೊನೆಯವರೆಗೂ ಓಡಿದ್ದರಿಂದ ಚೆನ್ನಿಯ ಹೆಸರಿಗೂ ಸರ್ಟಿಫಿಕೇಟು ಬಂತು, ಪ್ರಥಮ ದರ್ಜೆ ಎಂದು. ಶುಲ್ಕ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ಮನೆಯವರು ಕಟ್ಟಿ ಬಿಡಿಸಿಕೊಂಡರು.