ಕೆಂಪು ಗಿಂಡಿ

ಆಯಿಲ್ ಪಂಪ್ ಸತ್ತಿರಬಹುದು. ಫಿಲ್ಟರ್ ಕಟ್ಟಿಕೊಂಡಿರಬಹುದು. ಬೇರಿಂಗ್ ಸವೆದಿರಬಹುದು. ಎಣ್ಣೆಯೆಲ್ಲ ಬೊರಿವಲಿಯಿಂದ ಜೋಗೇಶ್ವರಿವರೆಗೆ ಹೈವೇಗೆ ಅಭಿಷೇಕವಾಗಿ ಹೋಗಿರಬಹುದು. ಇನ್ನೇನು ಇಂಜಿನ್ ಬಿಗಿದು ನಿಂತು, ಹಿಂದಿನ ಬಸ್ಸು ನಮ್ಮನ್ನು ಚಪಾತಿಯಂತೆ ಲಟ್ಟಿಸಬಹುದು. ಅತ್ತ ಪರೇಲಿನ ಆಸ್ಪತ್ರೆಯಲ್ಲಿ ನಮ್ಮ ಭಾವ ಚೀಲ ಹಿಡಿದು ಕಾದು ಕಾದು, ಮತ್ತೆ ಎದೆ ಹಿಡಿದುಕೊಳ್ಳಬಹುದು.

ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹತ್ತಿದ ಮೇಲೆ, ಸಿಗ್ನಲ್ ಹಸಿರಾಗುವುದರೊಳಗೆ ಇವಿಷ್ಟೂ ನನ್ನ ತಲೆಯಲ್ಲಿ ನಡೆದುಹೋದವು. ಚಿಂತೆಯ ವಿಷಯದಲ್ಲಿ ನಾನು ಬಹಳ ಚುರುಕು.

"ಎಂತ ಅದು, ಗಿಂಡಿ ಚಿತ್ರ?" ಎಂದಳು ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಗಂಧಿ.

ನೋಡಿದರೆ ಹೌದು, ನಮ್ಮೂರ ಕಡೆ ಕಾಲು ತೊಳೆಯಲು ಇಡುವ ಗಿಂಡಿಯೇ! ಮೂತಿಯಿಂದ ಒಂದು ಹನಿ ಬೇರೆ ಬೀಳುತ್ತಿದೆ.

"ಅದು ಆಯಿಲ್ ಪ್ರೆಶರ್. ಇಂಜಿನ್‌ನೊಳಗೆ ಎಣ್ಣೆ ಹರಿಯುತ್ತಿಲ್ಲ ಅಂತ ಅರ್ಥ."

"ಈಗ ಆರಿತಲ್ಲ!"

ಗಾಡಿ ಹೊರಟಾಗ ಆರಿತು. ಬ್ರೇಕ್ ಒತ್ತಿದಾಗ ಮತ್ತೆ ಹತ್ತಿತು. ನಾನು ಬೆವರಿದೆ.

ಬೇರೆ ದಿನವಾಗಿದ್ದರೆ ಇಷ್ಟು ಬೆವರುತ್ತಿರಲಿಲ್ಲ. ಸದಾನಂದ ಭಾವ, ಅಂದರೆ ಸುಗಂಧಿಯ ಅಣ್ಣ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಅಂದು ಡಿಸ್ಚಾರ್ಜ್ ಆಗುವವರಿದ್ದರು. ನಾನು ಟ್ರಂಕು ಹೊತ್ತು ಮುಂಬಯಿಗೆ ಬಂದಿಳಿದಾಗ ತಮ್ಮ ಹೋಟೆಲಿನ ಅಟ್ಟದಲ್ಲಿ ಮಲಗಲು ಜಾಗ ಕೊಟ್ಟವರು, ಕೆಲಸ ಕೊಡಿಸಿದವರು, ಕೊನೆಗೆ ತಂಗಿಯನ್ನೂ ಕೊಟ್ಟವರು. (ಮೂರನೆಯದರ ಬಗ್ಗೆ ಅವರಿಗೆ ಈಗ ಏನನ್ನಿಸುತ್ತದೋ ನಾನು ಕೇಳಿಲ್ಲ.) ಅಂಥವರನ್ನು ನನ್ನ ಸ್ವಂತ ಕಾರಿನಲ್ಲಿ, ಹಿಂದೆ ದಿಂಬು ಇಟ್ಟು, ಹೂವಿನಂತೆ ಮನೆಗೆ ತರುತ್ತೇನೆಂದು ಮಾತು ಕೊಟ್ಟಿದ್ದೆ.

ಕಾರಿನ ಬಗ್ಗೆ ನನಗೆ ಭಯವೇ ಇರಲಿಲ್ಲ. ಆಯುಧ ಪೂಜೆ ಆಗಿ ವಾರವೂ ಕಳೆದಿರಲಿಲ್ಲ. ಎಲ್ಲರೂ ಬಂಪರಿಗೆ ಹಾರ ಹಾಕಿ ಕೈಮುಗಿದರೆ ನಾನು ಬಾನೆಟ್ ಎತ್ತಿ ಇಂಜಿನ್ನಿಗೂ ಚೆಂಡುಹೂವಿನ ಹಾರ ಸುತ್ತಿದ್ದೆ. ಹೊರಗಿನವರಿಗೆ ಮಾತ್ರ ಮರ್ಯಾದೆ ಮಾಡಿದರೆ ಒಳಗೆ ದುಡಿಯುವವರಿಗೆ ಬೇಸರವಾಗದೇ? ಮರುದಿನ ಬಾಡಿದ ಹಾರವನ್ನು ನಾನೇ ಎಳೆದು ತೆಗೆದಿದ್ದೆ. ಇಷ್ಟು ಭಕ್ತಿ ಮಾಡಿದ ಮೇಲೂ ಹೀಗೆ!

ಜೋಗೇಶ್ವರಿಯ ಹತ್ತಿರ ಗಾಡಿ ಬದಿಗೆ ಹಾಕಿದೆ. ಬಾನೆಟ್ ಎತ್ತಿದೆ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಎಣ್ಣೆ ಸರಿಯಾದ ಗೆರೆಯಲ್ಲೇ ಇತ್ತು.

"ಸರಿ ಉಂಟಲ್ಲ, ಹೊರಡಿ" ಎಂದಳು.

"ಸರಿ ಇದ್ದೂ ದೀಪ ಹತ್ತುತ್ತದೆ ಅಂದರೆ ಇನ್ನಷ್ಟು ಬೇಕು ಅಂತ!"

ಡಿಕ್ಕಿಯಲ್ಲಿ ನಾನು ಸದಾ ಒಂದು ಡಬ್ಬಿ ಎಣ್ಣೆ ಇಟ್ಟಿರುತ್ತೇನೆ. ಪೂರ್ತಿ ಡಬ್ಬಿ ಸುರಿದೆ. ಗಿಂಡಿ ಇನ್ನೂ ಕೆಂಪಗೆ ನಕ್ಕಿತು.

ಇಂಜಿನ್ನಿನ ಫೋಟೋ ತೆಗೆದು ನಮ್ಮ ಬಿಲ್ಡಿಂಗ್ ಗ್ರೂಪಿಗೆ ಹಾಕಿದೆ. ಕೆಳಗಿನ ಮನೆಯ ಜೋಶಿ ಕಾಕಾ ತಕ್ಷಣ "ಇಂಜಿನ್ ಗೇಲಂ!" ಎಂದು ಬರೆದರು. ಹೋಯಿತು ಎಂದರ್ಥ. ಅವರಲ್ಲಿ ಕಾರಿಲ್ಲ, ಅನುಭವವಿದೆ. ಮತ್ತೊಬ್ಬರು ಕೈಮುಗಿದ ಚಿತ್ರ ಕಳಿಸಿದರು. ಅದು ಪ್ರಾರ್ಥನೆಯೋ ಸಂತಾಪವೋ ತಿಳಿಯಲಿಲ್ಲ.

ಈಗ ಭಾವನಿಗೆ ತಿಳಿಸಬೇಡವೇ? ಜವಾಬ್ದಾರಿಯುತ ಮನುಷ್ಯನಾಗಿ ಫೋನ್ ಮಾಡಿದೆ.

"ಭಾವ, ನೀವು ಏನೂ ಗಾಬರಿಯಾಗಬೇಡಿ."

"ಎಂತ ಆಯ್ತು ಮಾರಾಯಾ?" ಎಂದರು ಅವರು, ಆಗಲೇ ಗಾಬರಿಯಾಗಿ.

ನಾನು ಬಸ್ಸು, ಚಪಾತಿ ಸಮೇತ ಎಲ್ಲವನ್ನೂ ವಿವರಿಸಿದೆ. ಆ ಕಡೆಯಿಂದ ನರ್ಸಿನ ದನಿ ಬಂತು: "ಕೌನ್ ಹೈ ಆಪ್? ಪೇಶಂಟ್ ಕಾ ಬಿ.ಪಿ. ಬಢ್ ಗಯಾ! ಅಬ್ ಡಾಕ್ಟರ್ ಛೋಡೇಂಗೆ ನಹೀಂ!" ಬಿ.ಪಿ. ಏರಿದೆ, ಇನ್ನು ಡಾಕ್ಟರು ಮನೆಗೆ ಬಿಡುವುದಿಲ್ಲವಂತೆ.

ಸುಗಂಧಿ ಫೋನ್ ಕಿತ್ತುಕೊಂಡಳು. ಕಣ್ಣಲ್ಲಿ ನೀರಿತ್ತು. "ಅಷ್ಟು ದೊಡ್ಡ ಡಾಕ್ಟರು ಸೇರಿ ರಿಪೇರಿ ಮಾಡಿದ ಎದೆಯನ್ನು ನೀವು ಫೋನಿನಲ್ಲೇ ಹಾಳು ಮಾಡ್ತೀರಲ್ಲ!"

ಗಾಡಿಯನ್ನು ಟೋ ಮಾಡಿಸಿ ಜೋಗೇಶ್ವರಿಯ ಒಂದು ಗ್ಯಾರೇಜಿಗೆ ಒಪ್ಪಿಸಿ, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಲೋಕಲ್ ರೈಲು ಹತ್ತಿದೆವು. ಆ ನೂಕುನುಗ್ಗಲಿನ ಗರ್ದಿಯಲ್ಲಿ ದಿಂಬು ಹಿಡಿದು ನಿಂತವನನ್ನು ಜನ ಹೇಗೆ ನೋಡಿದರೆಂದು ನಾನು ಬರೆಯುವುದಿಲ್ಲ. ದಾರಿಯುದ್ದಕ್ಕೂ ನಾನು ಬೇಡಿಕೊಂಡದ್ದು ಒಂದೇ: ಇಂಜಿನ್ ಹೋದರೆ ಹೋಗಲಿ, ಭಾವ ಚೆನ್ನಾಗಿರಲಿ.

ಭಾವ ಹಾಸಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತು ಇಡ್ಲಿ ತಿನ್ನುತ್ತಿದ್ದರು!

"ಬಿ.ಪಿ. ಇಳಿಯಿತು. ನೀನು ಕಾರು ತರುವುದಿಲ್ಲ ಅಂತ ಸುಗಂಧಿ ಮೆಸೇಜ್ ಹಾಕಿದ್ದೇ ತಡ, ಇಳಿಯಿತು" ಎಂದರು.

ಆ ಕ್ಷಣ ಆ ಅವಮಾನದಷ್ಟು ಸಿಹಿಯಾದದ್ದು ನನಗೆ ಬೇರೇನೂ ಇರಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿದೆ. "ಏಳು, ಏಳು, ನಿನ್ನ ಬೆನ್ನು ಹಿಡಿದುಕೊಂಡರೆ ಮತ್ತೊಂದು ಬೆಡ್ ಬೇಕು" ಎಂದರು.

ಡಾಕ್ಟರು ಮತ್ತೊಮ್ಮೆ ನೋಡಿ ಬಿಟ್ಟುಕೊಟ್ಟರು. ಟ್ಯಾಕ್ಸಿಯಲ್ಲಿ ಭಾವ ದಿಂಬಿಗೆ ಒರಗಿ ಕೂತರು. ದಾರಿಯಲ್ಲಿ ಗ್ಯಾರೇಜಿನವನ ಫೋನು ಬಂತು. ತನ್ನ ಮೀಟರ್ ಜೋಡಿಸಿ ನೋಡಿದನಂತೆ, ಪ್ರೆಶರ್ ಚೆನ್ನಾಗಿಯೇ ಇದೆಯಂತೆ, ದೀಪ ಸುಳ್ಳು ಹೇಳುತ್ತಿದೆಯಂತೆ. "ಲೇಕಿನ್ ಸಾಬ್, ಇತ್ನಾ ತೇಲ್ ಕಿಸ್ನೇ ಡಾಲಾ?" ಎಂದೂ ಕೇಳಿದ. ಯಾರೋ ಸುರಿದ ಆ ಹೆಚ್ಚಾದ ಎಣ್ಣೆ ತೆಗೆಯಲು ಸಂಜೆಯಾಗುತ್ತದಂತೆ. ನಾನು ಗಂಟಲು ಸರಿಪಡಿಸಿಕೊಂಡು, ದೀಪದ ಕಡೆ ಗಮನ ಕೊಡಲು ಹೇಳಿದೆ.

"ಆ ಇಂಜಿನ್ನಿನ ಫೋಟೋ ಕೊಡು ನೋಡುವಾ" ಎಂದರು ಭಾವ. ಎರಡು ಬೆರಳಲ್ಲಿ ಹಿಗ್ಗಿಸಿದರು. ಮೂಗಿನ ಹತ್ತಿರ ತಂದರು. "ಇದೆಂತ, ವಯರಿನ ಹತ್ತಿರ ಹಳದಿ?"

ಸುಗಂಧಿ ಬಗ್ಗಿ ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು.

ಗ್ಯಾರೇಜಿನವನಿಗೆ ಹೇಳಿ ಅಲ್ಲೇ ಹುಡುಕಿಸಿದೆವು. ಕಾರಣ ಸಿಕ್ಕಿತು. ದೀಪದ ವಯರಿನ ತುದಿ ಕಳಚಿ ಜೋತಾಡುತ್ತಿತ್ತು; ಬ್ರೇಕ್ ಹಾಕಿದಾಗಲೆಲ್ಲ ಇಂಜಿನ್ನಿನ ಕಬ್ಬಿಣಕ್ಕೆ ತಾಗಿ ದೀಪ ಹತ್ತಿಸುತ್ತಿತ್ತು. ಮತ್ತೆ ಸಿಕ್ಕಿಸಿದ. ಗಿಂಡಿ ಮಾಯ!

ಭಾವ ಎದೆಯ ಮೇಲೆ ಕೈಯಿಟ್ಟು, ನೋಯಿಸಿಕೊಳ್ಳದಂತೆ, ಮೆಲ್ಲಗೆ ನಕ್ಕರು. ಆ ನಗು ಕೇಳಲು ಇನ್ನೂ ನಾಲ್ಕು ಕಾರು ಕೆಡಿಸಲು ನಾನು ತಯಾರಿದ್ದೆ.

"ಅಲ್ಲ, ವಯರನ್ನು ಎಳೆದದ್ದು ಯಾವುದು?" ಎಂದರು ಅವರು, ಗೊತ್ತಿದ್ದೂ.

ನಾನು ಕಿಟಕಿಯ ಹೊರಗೆ ನೋಡುತ್ತಾ ಹೇಳಿದೆ: ನಾನೇ ಭಕ್ತಿಯಿಂದ ಸುತ್ತಿ, ನಾನೇ ಎಳೆದು ತೆಗೆದ ಚೆಂಡುಹೂವಿನ ಹಾರದಿಂದ ವಯರಿಗೆ ಸಿಕ್ಕಿ ಉಳಿದುಹೋದ ಒಂದು ಗೇಣು ಹಳದಿ ದಾರ.