ಯಾರನ್ನೂ ನಂಬದ ನಮ್ಮ ಮಾವ

ನಮ್ಮ ಸೋದರಮಾವ ಯಾರನ್ನೂ ನಂಬುವುದಿಲ್ಲ. ಬೆಳಗ್ಗೆ ಕನ್ನಡಿ ಮುಂದೆ ನಿಂತರೂ ಒಮ್ಮೆ ಅನುಮಾನದಿಂದ ನೋಡಿಯೇ ಕ್ರಾಪು ಬಾಚುವ ಆಸಾಮಿ! ನನ್ನ ಅದೃಷ್ಟವೋ ದುರದೃಷ್ಟವೋ, ನೆಲಮಂಗಲದ ಒಂದು ಗೋಡೌನಿನ ಆಫೀಸಿನಲ್ಲಿ ಇಬ್ಬರಿಗೂ ಕೆಲಸ. ಅಕ್ಕಪಕ್ಕದ ಟೇಬಲ್ಲು ಬೇರೆ.

ಅವರ ಕಂಪ್ಯೂಟರಿನ ಕ್ಯಾಮೆರಾಕ್ಕೆ ಅತ್ತೆಯ ಕೆಂಪು ಸ್ಟಿಕ್ಕರ್ ಬಿಂದಿ ಅಂಟಿಸಿದ್ದರು. ವಿಡಿಯೋ ಮೀಟಿಂಗಿನಲ್ಲಿ ಮ್ಯಾನೇಜರು, "ನಿಮ್ಮ ಮುಖಾನೇ ಕಾಣ್ತಿಲ್ವಲ್ರೀ" ಅಂದರೆ, "ಮಾತು ಕೇಳಿಸ್ತಿದೆಯಲ್ಲ ಸಾರ್, ಮುಖ ತಗೊಂಡು ಏನ್ಮಾಡ್ತೀರಾ?" ಅನ್ನುತ್ತಿದ್ದರು. ಇತ್ತ ತೂಬಗೆರೆಯ ಮನೆಯಲ್ಲಿ ಅತ್ತೆ, ಬಿಂದಿ ಪ್ಯಾಕೆಟ್ ಇಷ್ಟು ಬೇಗ ಹೇಗೆ ಖಾಲಿಯಾಗುತ್ತೆ ಅಂತ ಅಂಗಡಿಯವನ ಜೊತೆ ಜಗಳ!

ಪಾಸ್‌ವರ್ಡಿನ ವಿಷಯ ಕೇಳಲೇಬೇಡಿ. ನೀರು ಕುಡಿಯೋಕೆ ಎದ್ದರೂ ಕಂಪ್ಯೂಟರ್ ಲಾಕು. ಒಮ್ಮೆ ನಮ್ಮ ಸಹೋದ್ಯೋಗಿಯೊಬ್ಬರು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿದ್ದರು. ಮಾವ ಅದನ್ನು ಕಿತ್ತು, ಹರಾಜು ಕೂಗುವವರ ಗತ್ತಿನಲ್ಲಿ, "ಮಗಳ ಹೆಸರು, ಮುಂದೆ ಒಂದು ಎರಡು ಮೂರು! ಯಾರಿಗೆ ಬೇಕ್ರಪ್ಪಾ?" ಅಂತ ಇಡೀ ಆಫೀಸಿಗೆ ಸಾರಿಬಿಟ್ಟರು. ಇವರ ಪಾಸ್‌ವರ್ಡೋ, ಒಂದು ಪೂರ್ತಿ ವಾಕ್ಯ. ಅತ್ತೆ ಒಂದು ದಿನ, "ನಿಮಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಇಮೇಲ್ ತೆಗೆಯೋದು ಹೆಂಗ್ರೀ?" ಅಂತ ಕೇಳಿದರು. "ಆಗ ಬರೋ ಇಮೇಲಿಗೆ ನಾನು ಉತ್ತರ ಬರೀಬೇಕಾ?" ಅಂದರು ಮಾವ.

ಮದುವೆ ಪತ್ರಿಕೆಯ ಕಥೆ ಇದಕ್ಕಿಂತ ದೊಡ್ಡದು. ನಲ್ಲೂರಿನ ನೆಂಟರೊಬ್ಬರು ಮಗನ ಮದುವೆ ಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸಿದ್ದರು. ಪತ್ರಿಕೆ ಅಂತ ಫೈಲ್ ಕಳಿಸಿ ಫೋನನ್ನೇ ದೋಚುವವರಿದ್ದಾರೆ ಅನ್ನುವುದು ಮಾವನಿಗೆ ಗೊತ್ತು. ಸರಿ, ನೆಂಟರಿಗೇ ಫೋನ್ ಹಚ್ಚಿದರು.

"ಕಳಿಸಿದ್ದು ನೀನೇನಾ? ಹಂಗಾದ್ರೆ ಹೇಳು, ನಿನ್ನ ಮದುವೇಲಿ ಸ್ವೀಟು ಏನು ಮಾಡ್ಸಿದ್ರು?"

"ಲೇ, ಬರೋದಾದ್ರೆ ಬಾ, ಇಲ್ಲಾಂದ್ರೆ ಬಿಡು!" ಅಂತ ಆ ಕಡೆಯಿಂದ ಫೋನ್ ಕಟ್.

ಮಾವ ಬಿಡಬೇಕಲ್ಲ! ಭಾನುವಾರ ಬಸ್ಸು ಹತ್ತಿ ನಲ್ಲೂರಿಗೇ ಹೋಗಿ, ಅಚ್ಚಾದ ಪತ್ರಿಕೆಯನ್ನು ಕೈಯಾರೆ ಇಸಿದುಕೊಂಡು ಬಂದರು. ಅಸಲಿ ಅಂತ ಖಾತ್ರಿಯಾದ ಖುಷಿಯಲ್ಲಿ ತಾರೀಖು ಮಾತ್ರ ಸರಿಯಾಗಿ ನೋಡಲಿಲ್ಲ. ನಾವೆಲ್ಲ ರೇಷ್ಮೆ ಸೀರೆ, ಪಂಚೆ ಉಟ್ಟು ಹೋದರೆ ಅಲ್ಲಿ ಚಪ್ಪರ ಬಿಚ್ಚುತ್ತಿದ್ದರು!

ಇಂಥವರ ಪಕ್ಕದಲ್ಲಿ ಕೂತೂ ನಾನು ಮೋಸ ಹೋದೆ ಅಂದರೆ ನಂಬುತ್ತೀರಾ?

ಅವತ್ತು ಗೇಟಿನಲ್ಲಿ ಲಾರಿಗಳ ಸಾಲು. ಗೇಟ್ ಪಾಸಿಗಾಗಿ ಇಬ್ಬರು ಡ್ರೈವರುಗಳು ಕಿಟಕಿಯಲ್ಲಿ ತಲೆ ತೂರಿಸಿ ನಿಂತಿದ್ದರು. 'ನಿಮ್ಮ ಮೇಲ್ ತುಂಬಿದೆ, ತಕ್ಷಣ ಲಾಗಿನ್ ಆಗದಿದ್ದರೆ ಬಂದ್ ಆಗುತ್ತದೆ' ಅಂತ ಒಂದು ಮೇಲ್ ಬಂತು. ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟೆ. ಪರದೆ ಬೆಳ್ಳಗಾಯಿತು, ಅಷ್ಟೆ. ಅರ್ಧ ಗಂಟೆಯಲ್ಲಿ ನನ್ನ ಹೆಸರಿನಿಂದಲೇ ಎಲ್ಲ ಲಾರಿ ಆಫೀಸುಗಳಿಗೂ ಅಂಥದೇ ಮೇಲ್ ಹೋಗತೊಡಗಿತು. ಯಾರಿಗೂ ಹೇಳದೆ ಹೋಗಿ ಕೈತೊಳೆಯುವ ನಲ್ಲಿಯ ಹತ್ತಿರ ನಿಂತೆ.

ಮಾವ ಹುಡುಕಿಕೊಂಡು ಬಂದರು. "ಯಾಕಮ್ಮಾ, ಮುಖ ಹಿಂಗೈತೆ?"

ಅಳುತ್ತಲೇ ಹೇಳಿದೆ. ಇನ್ನು ಗುಡುಗು ಸಿಡಿಲು ಅಂದುಕೊಂಡೆ. ಅವರು ಕೇಳಿದ್ದು ಒಂದೇ: "ಎಷ್ಟೊತ್ತಾಯ್ತು?"

"ಅರ್ಧ ಗಂಟೆ."

"ಇನ್ನೂ ಟೈಮೈತೆ, ಬಾ." ರಸ್ತೆ ದಾಟಿಸುವವರ ಹಾಗೆ ಕೈ ಹಿಡಿದು ಮ್ಯಾನೇಜರ ಮುಂದೆ ನಿಲ್ಲಿಸಿದರು. "ಸಾರ್, ನಮ್ಮ ಹುಡುಗಿ ಮೋಸ ಹೋಗವ್ಳೆ. ಬೈಯೋದು ಆಮೇಲಿಟ್ಕೊಳ್ಳಿ. ಮೊದ್ಲು ಪಾಸ್‌ವರ್ಡ್ ಬದಲಾಯಿಸಿ, ಎಲ್ರಿಗೂ ಫೋನ್ ಮಾಡಿ, ಆ ಮೇಲ್ ಮುಟ್ಬೇಡಿ ಅಂತ ಹೇಳ್ಬಿಡಣ."

ಮಧ್ಯಾಹ್ನ ಊಟ ಬಿಟ್ಟು ಎಲ್ಲರೂ ಫೋನು ಹಿಡಿದೆವು. ಇಬ್ಬರು ಲಿಂಕ್ ತೆರೆದಿದ್ದರು, ಪಾಸ್‌ವರ್ಡ್ ಇನ್ನೂ ಕೊಟ್ಟಿರಲಿಲ್ಲ. ಬಚಾವಾದೆವು.

ಸಂಜೆ ಬಸ್ಸಿನಲ್ಲಿ ಕೇಳಿದೆ, "ನನ್ನ ಬೈಯಲ್ವಾ ಮಾವ?"

ಅವರು ಕಿಟಕಿಯಾಚೆ ನೋಡುತ್ತಾ ಹೇಳಿದರು: "ಹಿಂದಿನ ಕೆಲ್ಸದಲ್ಲಿ ನಾನೂ ಹಿಂಗೇ ಒತ್ತಿದ್ದೆ. ಬೈತಾರೆ ಅಂತ ಎರಡು ದಿನ ಬಾಯಿ ಬಿಡ್ಲಿಲ್ಲ. ಅಷ್ಟ್ರಲ್ಲಿ ನನ್ನ ಹೆಸ್ರಿನ ಮೇಲ್ ನಂಬಿ ಪಕ್ಕದ ಟೇಬಲ್ಲಿನ ಸ್ನೇಹಿತನೂ ಒತ್ತಿ, ಅವನ ಹೆಸ್ರಲ್ಲಿ ಏನೇನೋ ಹೋಗಿ, ಅವನ್ನ ಕೆಲ್ಸದಿಂದ ತೆಗೆದ್ರು. ಆಮೇಲೆ ನಾನು ಒಪ್ಕೊಂಡೆ, ಆದ್ರೂ ಅವನ್ನ ವಾಪಸ್ ಕರೀಲಿಲ್ಲ. ಪ್ರತಿ ಯುಗಾದಿಗೂ ಅವನ ಮನೆಗೆ ಹೋಗ್ತೀನಿ. ಕಾಫಿ ಕೊಡ್ತಾನೆ. ಆ ವಿಷಯ ಮಾತ್ರ ಇಬ್ರೂ ಎತ್ತಲ್ಲ."

ಆ ವರ್ಷದ ಯುಗಾದಿಗೆ ನಾನೂ ಜೊತೆಗೆ ಹೋದೆ. ಆತ ನಗುನಗುತ್ತಾ ಮೂರು ಲೋಟ ಕಾಫಿ ತಂದಿಟ್ಟರು. ಮಾವ ಲೋಟ ಮುಟ್ಟಲಿಲ್ಲ.

"ಇವ್ಳು ನಮ್ಮಕ್ಕನ ಮಗಳು ಕಣೋ," ಅಂದರು. "ಇವ್ಳೂ ನನ್ನ ಹಂಗೇ ಮೋಸದ ಲಿಂಕ್ ಒತ್ತಿದ್ಲು. ಆದ್ರೆ ಅರ್ಧ ಗಂಟೇಲೇ ಹೇಳ್ಬಿಟ್ಳು."

ಆತ ಎದ್ದು ಬಂದು ಮಾವನ ಪಕ್ಕ ಕೂತು, ಲೋಟವನ್ನೆತ್ತಿ ಅವರ ಕೈಗೆ ಕೊಟ್ಟರು.